ಏಳನೆಯ ಪ್ರಶ್ನೆಯ ಕೊನೆಯ ಸಾಲು

ಕಲ್ಲೇಶ.

ಕಥೆಯನ್ನು ಹೀಗೆ ಶುರುಮಾಡುವುದು ಸರಿಯಲ್ಲ ಎಂದು ನನಗೆ ಗೊತ್ತು. ಒಂದು ಹೆಸರು, ಒಂದು ಚುಕ್ಕೆ, ಅಷ್ಟೆ. ಯಾರು, ಎಲ್ಲಿಯವನು, ಏನಾದ, ಯಾವುದೂ ಇಲ್ಲ. ಆದರೂ ಅದು ಅಲ್ಲೇ ಇರಲಿ. ಏಕೆಂಬುದು ಮುಂದೆ ತಿಳಿಯುತ್ತದೆ.

ಇದಕ್ಕೆ ಮೊದಲು ಮೂರು ಸಲ ಶುರುಮಾಡಿ ಬಿಟ್ಟಿದ್ದೇನೆ. ಮೊದಲನೆಯ ಡ್ರಾಫ್ಟು ದಿಲ್ಲಿಯ ಸಂಸತ್ ಭವನದ ವರ್ಣನೆಯಿಂದ ಆರಂಭವಾಗುತ್ತಿತ್ತು. ಅದನ್ನು ನಾನು ಟಿವಿಯಲ್ಲಿ ಮಾತ್ರ ನೋಡಿರುವುದು. ಹಸಿರು ಕಾರ್ಪೆಟ್ಟು ಎಂದು ಬರೆದ ಮೇಲೆ ಮುಂದೆ ಬರೆಯಲು ಏನೂ ಇರಲಿಲ್ಲ. ಎರಡನೆಯದು ಪಟಾನ್‌ಚೆರುವಿನ ಒಂದು ಕಾರ್ಖಾನೆಯ ಸ್ಫೋಟದಿಂದ. ಆ ಸದ್ದನ್ನು ನಾನು ಕೇಳಿಲ್ಲ. ಕೇಳದ ಸದ್ದಿನ ಬಗ್ಗೆ ವಾಕ್ಯಗಳು ಎಷ್ಟು ಚೆನ್ನಾಗಿ ಬಂದವೆಂದರೆ ಹೆದರಿಕೆಯಾಗಿ ಅಳಿಸಿಬಿಟ್ಟೆ. ಮೂರನೆಯದು "ಲೇಖಕಿಯೊಬ್ಬಳ ಮನೆಗೆ ಒಬ್ಬ ಕಾರ್ಮಿಕನ ಹೆಂಡತಿ ಬಂದಳು" ಎಂದಿತ್ತು. ಅದನ್ನು ಗಟ್ಟಿಯಾಗಿ ಓದಿದಾಗ ಬಸಲಿಂಗಮ್ಮ ಕೇಳಿದಳು, "ಹೆಂಡತಿ ಅಂದ್ರ ಯಾರ್ರಿ? ನನಗೇನ್ ಹೆಸರಿಲ್ಲೇನು?"

ಇದೆ. ಬಸಲಿಂಗಮ್ಮ, ಕಲ್ಲೇಶನ ಹೆಂಡತಿ.

ಲೋಕಸಭೆಯ ಒಂದು ದಿನದ ಪಟ್ಟಿಯಲ್ಲಿ ಇಪ್ಪತ್ತು ಚುಕ್ಕೆ ಗುರುತಿನ ಪ್ರಶ್ನೆಗಳಿರುತ್ತವೆ. ಅಂದರೆ ಮಂತ್ರಿಗಳು ಎದ್ದು ನಿಂತು ಬಾಯಿಂದಲೇ ಉತ್ತರಿಸಬೇಕಾದವು. ಅಷ್ಟಕ್ಕೂ ಸಿಗುವುದು ಹನ್ನೊಂದರಿಂದ ಹನ್ನೆರಡರವರೆಗೆ ಒಂದು ತಾಸು. ಐದೋ ಆರೋ ಮುಗಿಯುವಷ್ಟರಲ್ಲಿ ಗಂಟೆ ಹನ್ನೆರಡಾಗುತ್ತದೆ. ಅಂದಿನ ಪಟ್ಟಿ 121ರಿಂದ ಶುರುವಾಗಿತ್ತು. ಒಬ್ಬ ಸಂಸದರಿಂದ ನಾವು ಕೇಳಿಸಲಿದ್ದ ಪ್ರಶ್ನೆ 127, ಏಳನೆಯದು. ಈ ಕಥೆಯ ಭಾಗಗಳಿಗೂ ಅವೇ ಸಂಖ್ಯೆಗಳನ್ನು ಕೊಡುತ್ತೇನೆ. (ಆ ದಿನವನ್ನು ಯಾವ ಕಡತದಲ್ಲೂ ಹುಡುಕಬೇಡಿ. ದಿನವೂ ನಾನು ಕಟ್ಟಿದ್ದು, ಪಟ್ಟಿಯೂ ನಾನು ಕಟ್ಟಿದ್ದು. "ಹಂಗಾರ ನಾನೂ ಸುಳ್ಳೇನ್ರಿ?" ಎಂದು ಬಸಲಿಂಗಮ್ಮ ಕೇಳುತ್ತಾಳೆ. ಮುಂದಿನ ಪ್ರಶ್ನೆ.)

121

ಮೆಹದಿಪಟ್ಟಣಂ, ಎರಡನೆಯ ಮಹಡಿ, ನಮ್ಮ ಮನೆಯ ಮುಂದಿನ ಕೋಣೆ. ಬುಧವಾರ, ಬೆಳಗಿನ ಹತ್ತೂವರೆ. ಟಿವಿಯ ಮುಂದೆ ನಾಲ್ವರು.

ಒಬ್ಬರು ನಮ್ಮಣ್ಣ ಪ್ರಾಣೇಶ. ಮೂವತ್ತೊಂದು ವರ್ಷ ವಿಧಾನಸಭೆಯ ಪ್ರಶ್ನೆಗಳ ವಿಭಾಗದಲ್ಲಿದ್ದು ನಿವೃತ್ತರಾದವರು. ಸಾರಿಗೆ ಉಪ್ಪು ಹೆಚ್ಚಾದರೂ ನಿಯಮದ ಸಂಖ್ಯೆ ಹೇಳಿಯೇ ಆಕ್ಷೇಪಿಸುತ್ತಾರೆ. ಇನ್ನೊಬ್ಬಳು ಬಸಲಿಂಗಮ್ಮ. ಕುರ್ಚಿಯ ಅಂಚಿನಲ್ಲಿ ಕೂತಿದ್ದಳು, ತೊಡೆಯ ಮೇಲೆ ಬಟ್ಟೆಯ ಚೀಲ, ಚೀಲದಲ್ಲಿ ಸ್ಟೀಲಿನ ಡಬ್ಬಿ. ಅವಳ ಬಾಡಿಗೆ ಖೋಲಿಯಲ್ಲಿ ಇನ್ನೆರಡು ಸಂಸಾರಗಳಿವೆ. ಡಬ್ಬಿಯನ್ನು ಅಲ್ಲಿ ಬಿಟ್ಟು ಬರಲು ಮನಸ್ಸು ಒಪ್ಪಲಿಲ್ಲವಂತೆ. ಮೂರನೆಯವನು ಸಂಗಣ್ಣ. ಸರ್ಕಾರದ ಲೆಕ್ಕದಲ್ಲಿ ಅವನು ಸತ್ತು ನಾಲ್ಕು ತಿಂಗಳಾಗಿತ್ತು. ಚಹಾಕ್ಕೆ ಸಕ್ಕರೆ ಕಡಿಮೆ ಇರಲಿ ಎಂದ.

ನಾಲ್ಕನೆಯವಳು ನಾನು.

ಕಲ್ಲೇಶ, ಸಂಗಣ್ಣ ಇಬ್ಬರೂ ಬೀದರ ಕಡೆಯ ಒಂದೇ ಊರಿನವರು. ಔಷಧದ ಪುಡಿ ಒಣಗಿಸುವ ಕಾರ್ಖಾನೆಯಲ್ಲಿ ಒಬ್ಬನೇ ಕಾಂಟ್ರಾಕ್ಟರನ ಕೈಕೆಳಗೆ ಕೆಲಸ. ಕಲ್ಲೇಶನ ಗೇಟ್‌ಪಾಸಿನ ಅವಧಿ ಮುಗಿದು ಹೊಸದು ಬಂದಿರಲಿಲ್ಲ. ಆ ದಿನ ಸಂಗಣ್ಣನಿಗೆ ದವಡೆ ಹಲ್ಲಿನ ನೋವು. ಹಾಜರಿ ತಪ್ಪಬಾರದೆಂದು ಅವನ ಪಾಸು ಕೊರಳಿಗೆ ಹಾಕಿಕೊಂಡು ಕಲ್ಲೇಶ ಒಳಗೆ ಹೋದ. ಇಬ್ಬರದೂ ಒಂದೇ ತರಹದ ಮೀಸೆ. ಅದಿಲ್ಲದಿದ್ದರೂ ನಡೆಯುತ್ತಿತ್ತು, ಗೇಟಿನವನು ನೋಡುವುದು ಪಾಸಿನ ಬಣ್ಣವನ್ನು, ಮುಖವನ್ನಲ್ಲ. ಅಲ್ಲಿ ಎಲ್ಲರೂ ಹೀಗೆ ಮಾಡುವವರೇ. ಸಂಗಣ್ಣ ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಹೊರಬಂದಾಗ ಕಾರ್ಖಾನೆಯ ಕಡೆ ಹೊಗೆ ಎದ್ದಿತ್ತು.

ಹನ್ನೊಂದು ಜನ ಸತ್ತರು. ಒಣಗಿಸುವ ಕೋಣೆಯಲ್ಲಿದ್ದವರದು ಗುರುತಿನ ಪರೀಕ್ಷೆಗೆ ಕಳಿಸುವಷ್ಟೂ ಸಿಗಲಿಲ್ಲ. ಗೇಟಿನ ಹಾಜರಿ ಪುಸ್ತಕವೇ ಸಾಕ್ಷಿಯಾಯಿತು. ಒಂದೊಂದು ಹೆಸರಿಗೆ ಒಂದೊಂದು ಡಬ್ಬಿ ಬೂದಿ. ಬಸಲಿಂಗಮ್ಮನ ತೊಡೆಯ ಮೇಲಿದ್ದ ಡಬ್ಬಿಗೆ ಅಂಟಿಸಿದ ಚೀಟಿಯಲ್ಲಿ ಹೀಗಿದೆ: ಕ್ರಮಸಂಖ್ಯೆ 8, ಸಂಗಣ್ಣ.

"ನಾ ಸುಮ್ಮನ ಕುಂತಿಲ್ರಿ ಅಕ್ಕಾರ," ಎಂದ ಸಂಗಣ್ಣ. "ಸತ್ತವರ ಪಟ್ಟಿ ಮಾಡಿದ ನಾಂಪಲ್ಲಿ ಸರಕಾರಿ ಆಫೀಸಿಗೆ ಹೋದೆ. ನಾ ಜೀವಂತ ಅದೀನ್ರಿ ಅಂದೆ. ಆಧಾರ ತೋರಿಸಿದೆ. ಅಲ್ಲಿ ಕಾರಕೂನ ಆಧಾರ ನೋಡಿದ, ನನ್ನ ಮಾರಿ ನೋಡಿದ, ಪಟ್ಟಿ ನೋಡಿದ. 'ಲಿಸ್ಟ್ ದಿಲ್ಲಿ ಗಯೀ ಭಾಯ್, ಸೆಷನ್ ಹೋಯೇ ತಕ್ ಜರಾ ಸಾಮ್ನೆ ನಕ್ಕೋ ಆವೋ' ಅಂದ."

ಪಟ್ಟಿ ದಿಲ್ಲಿಗೆ ಹೋಗಿದೆ, ಅಧಿವೇಶನ ಮುಗಿಯುವ ತನಕ ಸ್ವಲ್ಪ ಎದುರಿಗೆ ಬರಬೇಡ.

"ಅಂವಾ ಪಾಪ ಛಲೋ ಮನಷ್ಯಾ," ಎಂದು ಸೇರಿಸಿದ. "ಚಾ ಕುಡಿಸಿ ಕಳಿಸಿದ."

ಬಸಲಿಂಗಮ್ಮ ಬೇರೇನೂ ಕೇಳಿರಲಿಲ್ಲ. ಮೊದಲ ದಿನ ಸಂಗಣ್ಣನ ಜೊತೆ ಬಂದಾಗಲೂ ಅವಳ ಮಾತು ಇಷ್ಟೇ ಇತ್ತು: "ಈ ಡಬ್ಬಿ ಮ್ಯಾಲ ಅವರ ಹೆಸರು ಬರ್ಲಿ. ಸಂಗಣ್ಣನ ಹೆಸರು ಹಚ್ಚಿದ್ದನ್ನ ನಾ ಹ್ಯಾಂಗ ಮಣ್ಣು ಮಾಡ್ಲಿ? ಅಂವ ಇಲ್ಲೇ ಕುಂತು ಚಾ ಕುಡ್ಯಾಕತ್ತಾನ."

ಅವಳ ಕೈಯಲ್ಲಿ ಹಸಿರು ಬಳೆಗಳು ಇನ್ನೂ ಇದ್ದವು.

122

(ಸದಸ್ಯರು ಗೈರು. ಹಾಗಾದಾಗ ಸಭಾಧ್ಯಕ್ಷರು ಒಮ್ಮೆ ಹೆಸರು ಕೂಗಿ ಮುಂದಿನ ಸಂಖ್ಯೆಗೆ ಹೋಗುತ್ತಾರೆ. ಇಲ್ಲಿ ಕಲ್ಲೇಶ ಬರಬೇಕಿತ್ತು. ನಾನು ಅವನನ್ನು ನೋಡಿಲ್ಲ. ಹೇಗಿದ್ದರು ಎಂದು ಬಸಲಿಂಗಮ್ಮನನ್ನು ಕೇಳಿದೆ.

"ಹ್ಯಾಂಗಿದ್ರು ಅಂದ್ರ? ಇದ್ರು." ಆಮೇಲೆ ತಾನಾಗಿಯೇ, "ಬಸ್ಸಿನ್ಯಾಗ ಕಿಡಕಿ ಕಡೆ ನನ್ನ ಕೂಡಸ್ತಿದ್ರು. ಕೈಯಾಗಿನ ಪುಡಿ ವಾಸನಿ ಹೋಗ್ಲಂತ ನಿಂಬಿ ಸಿಪ್ಪಿ ತಿಕ್ಕೊಂಡು, ಆಮ್ಯಾಲ ರೊಟ್ಟಿ ಮುಟ್ಟತಿದ್ರು" ಎಂದಳು.

ಇದಿಷ್ಟರಲ್ಲಿ ಒಮ್ಮೆಯೂ ಹೆಸರು ಬರಲಿಲ್ಲ. ಅವಳ ಕಡೆ ಗಂಡನ ಹೆಸರು ಹೇಳುವ ವಾಡಿಕೆಯಿಲ್ಲ. ಮದುವೆಯಲ್ಲಿ ಒಡಪು ಕಟ್ಟಿ, ಪ್ರಾಸದ ಸಾಲಿನೊಳಗೆ ಹೆಸರು ಸೇರಿಸಿ ಒಮ್ಮೆ ಹೇಳಿದ್ದಳಂತೆ. ಆಮೇಲೆ ಇಲ್ಲ. ನಾಂಪಲ್ಲಿ ಆಫೀಸಿನಲ್ಲಿ ಗಂಡನ ಹೆಸರೇನು ಎಂದು ಕೇಳಿದಾಗಲೂ ಸಂಗಣ್ಣನ ಕಡೆ ನೋಡಿದಳಂತೆ, ಅವನು ಹೇಳಿದನಂತೆ. ಸತ್ತವನು ಯಾರೆಂದು ಸತ್ತವನಿಂದಲೇ ಬರೆಸಿಕೊಳ್ಳಲು ಆಫೀಸಿನವರು ಒಪ್ಪಲಿಲ್ಲ.)

123

ಈಗ ನನ್ನ ಪಾಲು. ಇದನ್ನು ಚಿಕ್ಕದಾಗಿ ಬರೆದು ಮುಗಿಸೋಣ ಎಂದುಕೊಂಡಿದ್ದೆ. ಬಸಲಿಂಗಮ್ಮ ಬಿಡುವುದಿಲ್ಲ.

ಪ್ರಶ್ನೆ ಕೇಳಲು ಒಪ್ಪಿದ ಸಂಸದರು ಅಣ್ಣನಿಗೆ ಪರಿಚಯದವರ ಪರಿಚಯದವರು. ಮೂಲ ಪ್ರಶ್ನೆಯಲ್ಲಿ ಕಲ್ಲೇಶನ ಹೆಸರು ಹಾಕೋಣ ಎಂದು ನಾನು ಹೇಳಿದಾಗ ಅಣ್ಣ ಕನ್ನಡಕ ತೆಗೆದರು.

"ಒಬ್ಬ ವ್ಯಕ್ತಿಯ ಹೆಸರು ಹಾಕಿದ್ರ ಪ್ರಶ್ನೆ ವಾಪಸ್ ಬರ್ತದವ್ವಾ. 'ಮೃತರ ವಿವರ ಏನು' ಅಂತ ಕೇಳಬೇಕು. ಮಂತ್ರಿ ಪಟ್ಟಿ ಇಡ್ತಾರ. ಆಮ್ಯಾಲ ನಮ್ಮವರಿಗೆ ಉಪಪ್ರಶ್ನೆ ಕೇಳಲಿಕ್ಕೆ ಅವಕಾಶ ಅದ. ಹೆಸರು ಅಲ್ಲಿ ತಗೀಬೇಕು. ಸದನದಾಗ ಬಾಯಿಲೆ ಆಡಿದ ಮಾತು ಕಡತಕ್ಕ ಹೋಗ್ತದ. ಕಡತಕ್ಕ ಹೋತಂದ್ರ ನಾಂಪಲ್ಲಿಯವ ಹೆಂಗ ಇಲ್ಲಂತಾನ?"

"ಸರದಿ ಬರದಿದ್ರ?"

"ಸರದಿ ಬರ್ಲಿಲ್ಲಂದ್ರ ಬರೇ ಬರದ ಉತ್ತರ ಸದನದ ಮುಂದ ಇಟ್ಟಂಗ. ಅದಕ್ಕ ಉಪಪ್ರಶ್ನೆ ಇಲ್ಲ."

ಆದ್ದರಿಂದ ಸಂಸದರು ಓದಬೇಕಾದ ಉಪಪ್ರಶ್ನೆಯನ್ನು ಬರೆಯುವ ಕೆಲಸ ನನಗೆ ಬಂತು. ಎರಡು ರಾತ್ರಿ ಕೂತು ಒಂದು ಪುಟ ಬರೆದೆ. ಹಿಂದಿಗೂ ನಾನೇ ತಿರುಗಿಸಿದೆ. ಅದರಲ್ಲಿ ಒಟ್ಟು ಹತ್ತು ಸಾಲು. ಮೊದಲ ಸಾಲಿನಲ್ಲಿ ದೇಶದ ಮನೆಮನೆಗೂ ಹೋಗುವ ಗುಳಿಗೆ. ಆಮೇಲೆ ಅದನ್ನು ಮಾಡುವ ಕೈಗಳು. ಆಮೇಲೆ ಗೇಟು, ಪಾಸು, ಪುಸ್ತಕ. ಒಂಬತ್ತನೆಯ ಸಾಲು: "ಈ ಪಟ್ಟಿಯ ಎಂಟನೆಯ ಹೆಸರು ಸಂಗಣ್ಣ." ಹತ್ತನೆಯ ಸಾಲು: "ಆ ಸಂಗಣ್ಣ ಬದುಕಿದ್ದಾನೆ, ಸತ್ತವನು ಕಲ್ಲೇಶ."

ಓದಿ ನೋಡಿ ನನಗೇ ಮೈ ಜುಮ್ಮೆಂದಿತ್ತು. ಕಥೆಗಾರ್ತಿಯಲ್ಲವೇ. ಮುಖ್ಯವಾದದ್ದನ್ನು ಕೊನೆಯವರೆಗೆ ಹಿಡಿದಿಡುವುದು ನನಗೆ ಬರುವ ಒಂದೇ ಕೆಲಸ.

124

ಹನ್ನೊಂದು. ಸಭಾಧ್ಯಕ್ಷರು ಬಂದರು. ಈಚೆಗೆ ತೀರಿಕೊಂಡ ಇಬ್ಬರು ಮಾಜಿ ಸದಸ್ಯರ ಹೆಸರು, ಊರು, ಅವರು ಎಷ್ಟು ಸಲ ಗೆದ್ದಿದ್ದರು ಎಂಬುದನ್ನು ಓದಿ ಹೇಳಿದರು. ಸದನ ಎದ್ದು ಮೌನವಾಗಿ ನಿಂತಿತು. ನಮ್ಮ ಕೋಣೆಯಲ್ಲಿ ಸಂಗಣ್ಣನೂ ಎದ್ದು ನಿಂತ. ಅವನನ್ನು ನೋಡಿ ಬಸಲಿಂಗಮ್ಮ ಡಬ್ಬಿಯನ್ನು ಎದೆಗವುಚಿಕೊಂಡು ಎದ್ದಳು.

"ಎಷ್ಟ ಚೆಂದ ಹೆಸರು ಹಿಡದು ಹೇಳಿದ್ರಲ್ರಿ," ಎಂದಳು ಕೂರುತ್ತಾ. "ಊರ ಸೈತ ಹೇಳಿದ್ರು."

ಅಷ್ಟರಲ್ಲಿ ಅಣ್ಣನ ಮೊಬೈಲಿಗೆ ಸಂಸದರ ಆಪ್ತ ಸಹಾಯಕ ಮಂತ್ರಿಯ ಉತ್ತರದ ಫೋಟೊ ಕಳಿಸಿದ. ಹನ್ನೆರಡರ ಮೊದಲು ಅದನ್ನು ಹೊರಗಿನವರಿಗೆ ತೋರಿಸಬಾರದೆಂದು ಅಣ್ಣ ಮೊಬೈಲನ್ನು ಬೋರಲು ಹಾಕಿದರು. ಆಮೇಲೆ ಅವರೇ ತಡೆಯಲಾರದೆ ತಿರುಗಿಸಿದರು. ಅನುಬಂಧ, ಮೃತರ ಪಟ್ಟಿ, ಹನ್ನೊಂದು ಹೆಸರು. ಎಂಟನೆಯದು ಸಂಗಣ್ಣ.

"ತಂದಿ ಹೆಸರು ಸೈತ ಬರೋಬರಿ ಹಾಕ್ಯಾರ," ಎಂದ ಸಂಗಣ್ಣ. ಎಡಗೈ ತಾನಾಗಿ ದವಡೆಗೆ ಹೋಗಿತ್ತು. ಹಲ್ಲಿದ್ದ ಜಾಗ ಈಗ ನೋಯುವುದಿಲ್ಲವಂತೆ. ಸುಮ್ಮನೆ ಕೈ ಹೋಗುತ್ತದಂತೆ.

121 ಆಯಿತು. 122ರ ಸದಸ್ಯರು ಬಂದಿರಲಿಲ್ಲ. 123, 124 ಹನ್ನೊಂದೂ ಮೂವತ್ತಕ್ಕೆ ಮುಗಿದವು. ಅಣ್ಣ ಪ್ರತಿ ಪ್ರಶ್ನೆಗೂ ಒಂದು ಗೀಟು ಎಳೆಯುತ್ತಿದ್ದರು.

"ಭಾಳ ಛಲೋ ನಡದದ," ಎಂದರು. "ಹಿಂಗೇ ಹೋದ್ರ ಏಳನೇದು ಮುಟ್ಟತದ."

125

(ಇಲ್ಲಿ ನಾನು ಗದ್ದಲ ಬರೆದಿದ್ದೆ. ಒಂದು ಪಕ್ಷದವರು ಸದನದ ಬಾವಿಗಿಳಿಯುತ್ತಾರೆ, ಇನ್ನೊಂದು ಪಕ್ಷದವರು ಕೂಗುತ್ತಾರೆ, ಸದನವನ್ನು ಮುಂದೂಡುತ್ತಾರೆ, ನಮ್ಮ ಪ್ರಶ್ನೆ ಬರುವುದೇ ಇಲ್ಲ. ಓದುಗರಿಗೆ ಪರಿಚಿತ ದೃಶ್ಯ. ತಪ್ಪು ಯಾರದೆಂದು ಹೇಳಲೂ ಸುಲಭ. ಅಣ್ಣ ಓದಿ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದರು.

"ಅವತ್ತ ಸದನ ಶಾಂತ ಇತ್ತು. ಒಬ್ಬರೂ ಒದರಲಿಲ್ಲ. ಖೋಟಾ ಬರೀಬ್ಯಾಡ."

"ಕಥೆಯಣ್ಣಾ ಇದು."

"ಕಥಿ ಇರ್ಲಿ. ನಿನ್ನ ಪಾಲು ಅವರ ತಲಿ ಮ್ಯಾಲ ಹಾಕಬ್ಯಾಡ."

ಈ ಭಾಗವನ್ನು ಕಡತದಿಂದ ತೆಗೆದುಹಾಕಲಾಗಿದೆ.)

126

ಆರನೆಯ ಪ್ರಶ್ನೆ ವಸ್ತುಸಂಗ್ರಹಾಲಯಗಳ ದೀಪಾಲಂಕಾರದ ಬಗ್ಗೆ. ಹನ್ನೊಂದೂ ನಲವತ್ತೆರಡಕ್ಕೆ ಶುರುವಾಯಿತು. ಮಂತ್ರಿಗಳಿಗೆ ಇಷ್ಟವಾದ ವಿಷಯ. ಒಬ್ಬೊಬ್ಬ ಸದಸ್ಯರೂ ಎದ್ದು ತಮ್ಮ ಊರಿನ ಕೋಟೆಗೂ ದೀಪ ಬೇಕೆಂದರು. ಎಲ್ಲರೂ ನಕ್ಕರು. ಸಭಾಧ್ಯಕ್ಷರೂ ಒಂದು ನಗೆಮಾತು ಹೇಳಿದರು.

ನಲವತ್ತೊಂಬತ್ತು. ಐವತ್ತೆರಡು.

"ಸಾಕ್ ಮಾಡ್ರೋ ಯಪ್ಪಾ," ಎಂದ ಸಂಗಣ್ಣ ಟಿವಿಗೆ. "ಕೋಟಿ ಎಲ್ಲಿ ಓಡಿ ಹೊಕ್ಕಾವು?"

ಬಸಲಿಂಗಮ್ಮ ಡಬ್ಬಿಯ ಮೇಲಿನ ಚೀಟಿಯ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸುತ್ತಿದ್ದಳು. ಎಬ್ಬಿಸಿ, ಮತ್ತೆ ಹೆಬ್ಬೆರಳಿನಿಂದ ಒತ್ತಿ ಕೂಡಿಸುತ್ತಿದ್ದಳು. ಚೀಟಿ ಕಿತ್ತರೆ ಡಬ್ಬಿಯಲ್ಲಿರುವುದು ಯಾರದೂ ಅಲ್ಲದಂತಾಗುತ್ತದೆ ಎಂದು ಯಾರೋ ಹೇಳಿದ್ದರಂತೆ.

ಐವತ್ತಾರು.

127

"ಪ್ರಶ್ನೆ ಸಂಖ್ಯೆ ನೂರಾ ಇಪ್ಪತ್ತೇಳು."

ಅಣ್ಣ ಎದ್ದು ನಿಂತುಬಿಟ್ಟರು. ನಮ್ಮ ಸಂಸದರು ಎದ್ದರು. ಬಿಳಿ ಅಂಗಿ, ಕೈಯಲ್ಲಿ ನನ್ನ ಪುಟ. ಟಿವಿಯಲ್ಲಿ ಅದರ ಮಡಿಕೆ ಕಾಣುತ್ತಿತ್ತು. ಮಂತ್ರಿಗಳು, ವಿವರಣೆಯನ್ನು ಸದನದ ಮುಂದೆ ಇಡಲಾಗಿದೆ ಎಂದು ಹೇಳಿ ಕೂತರು. ಐವತ್ತೇಳು.

ಸಂಸದರು ಸಭಾಧ್ಯಕ್ಷರಿಗೆ ವಂದನೆ ಹೇಳಿದರು. ಮಂತ್ರಿಗಳಿಗೆ ವಂದನೆ ಹೇಳಿದರು. ತಮ್ಮ ಕ್ಷೇತ್ರದ ಜನತೆಗೆ ವಂದನೆ ಹೇಳಿದರು. ಆಮೇಲೆ ಓದತೊಡಗಿದರು. ಅವರ ಧ್ವನಿ ಚೆನ್ನಾಗಿತ್ತು, ನಿಧಾನವಾಗಿ ಓದಿದರು. ಗುಳಿಗೆ. ಗುಳಿಗೆ ಮಾಡುವ ಕೈಗಳು. "ಮೈಮೇಲಿನ ವಾಸನೆಯನ್ನೂ ಹೊತ್ತು ಮನೆಗೆ ಹೋಗುವವರು" ಎಂಬ ಸಾಲಿಗೆ ಎರಡೂ ಕಡೆಯವರು ಮೇಜು ತಟ್ಟಿದರು. ಅವರು ಓದು ನಿಲ್ಲಿಸಿ, ಆ ಸದ್ದು ಮುಗಿಯಲಿ ಎಂದು ಕಾದರು.

(ಆ ಸಾಲು ಬರೆದವಳು ನಾನು. ಮೇಜು ತಟ್ಟಿದಾಗ ಖುಷಿಯಾಯಿತು. ಇದನ್ನೂ ಬರೆಯಬೇಕೆಂದು ಬಸಲಿಂಗಮ್ಮ ಹೇಳಿದ್ದಾಳೆ. ನನ್ನ ಮುಖವನ್ನು ಅವಳು ನೋಡಿದ್ದಳು.)

ಐವತ್ತೊಂಬತ್ತು. ಗೇಟು. ಪಾಸು. ಪುಸ್ತಕ.

"ಮಾನ್ಯ ಅಧ್ಯಕ್ಷರೇ, ಈ ಪಟ್ಟಿಯ ಎಂಟನೆಯ ಹೆಸರು ಸಂಗಣ್ಣ," ಎಂದರು ಸಂಸದರು, ಮತ್ತು ನಾನು ಅಲ್ಲಿ ಹಾಕಿದ್ದ ಚುಕ್ಕೆಗೆ ಗೌರವ ಕೊಟ್ಟು ಉಸಿರೆಳೆದುಕೊಂಡರು.

"ಪ್ರಶ್ನೋತ್ತರ ಅವಧಿ ಮುಗಿಯಿತು," ಎಂದರು ಸಭಾಧ್ಯಕ್ಷರು.

ಸಂಸದರು ಪುಟವನ್ನು ಮಡಿಚಿ, ಕೈಮುಗಿದು, ಕೂತರು.

ಉಪಪ್ರಶ್ನೆಗಳು

ಕೋಣೆಯಲ್ಲಿ ಮೊದಲು ಮಾತಾಡಿದವನು ಸಂಗಣ್ಣ. "ಈಗ ಕಡತದಾಗ ಏನ್ ಹೋತ್ರಿ, ಅಣ್ಣಾರ?"

ಅಣ್ಣ ಪೆನ್ನಿಗೆ ಮುಚ್ಚಳ ಹಾಕಿದರು. ಮೂವತ್ತೊಂದು ವರ್ಷದ ಅನುಭವ ಅವರದು, ಅವರಿಗೆ ಗೊತ್ತಿತ್ತು. ಬಾಯಿಂದ ಆಡಿದ ಮಾತು ಕಡತಕ್ಕೆ ಹೋಗುತ್ತದೆ. ಪಟ್ಟಿಯ ಎಂಟನೆಯ ಹೆಸರು ಸಂಗಣ್ಣ.

ಓದುಗರಿಗೆ ಮೂರು ಮುಕ್ತಾಯಗಳನ್ನು ಸಿದ್ಧಮಾಡಿದ್ದೆ.

ಒಂದು: ಮರುದಿನ ಸಂಸದರು ಶೂನ್ಯ ವೇಳೆಯಲ್ಲಿ ಎದ್ದು ಹತ್ತನೆಯ ಸಾಲನ್ನು ಓದುತ್ತಾರೆ. ಇದನ್ನು ನಾನೇ ಕೈಬಿಟ್ಟೆ. ಅಂದು ಮಧ್ಯಾಹ್ನವೇ ಆಪ್ತ ಸಹಾಯಕನ ಫೋನು ಬಂತು. ಸಾಹೇಬರು ಯಾವುದೋ ಮದುವೆಗೆ ಊರಿಗೆ ಹೊರಟಿದ್ದರು. ಭಾಷಣದ ತುಣುಕಿಗೆ ಒಳ್ಳೆಯ ಪ್ರತಿಕ್ರಿಯೆ ಬರುತ್ತಿದೆಯಂತೆ, ಬರೆದುಕೊಟ್ಟ ಮೇಡಂಗೆ ಥ್ಯಾಂಕ್ಸ್ ಹೇಳಲು ಹೇಳಿದ್ದಾರಂತೆ.

ಎರಡು: ಸಂಗಣ್ಣ ದಿಲ್ಲಿಗೆ ಹೋಗಿ ಪತ್ರಕರ್ತರ ಮುಂದೆ ನಿಲ್ಲುತ್ತಾನೆ. ಇದು ಅಣ್ಣನಿಗೆ ಒಪ್ಪಿಗೆಯಾಗಿತ್ತು. ಸಂಗಣ್ಣ ಮಾತ್ರ ಕೇಳಿದ: "ರೈಲ್ ಟಿಕೀಟ್ ಯಾರ ಹೆಸರಿಲೆ ತಗೀತೀರಿ?"

ಮೂರು: ಬಸಲಿಂಗಮ್ಮ ಡಬ್ಬಿಯನ್ನು ಊರಿಗೆ ಒಯ್ದು, ಚೀಟಿ ಹೇಗೇ ಇರಲಿ, ಮಣ್ಣು ಮಾಡುತ್ತಾಳೆ. ಬಳೆ ತೆಗೆಯುತ್ತಾಳೆ. ಸಂಜೆಯ ಬೆಳಕು. ಇದನ್ನು ಓದಿ ಹೇಳಿದಾಗ ಅವಳು ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಮಗುಚಿ ಇಟ್ಟಳು.

"ನೀವ್ ಮಣ್ಣ ಮಾಡಬ್ಯಾಡ್ರಿ. ನಾ ಇನ್ನಾ ಮಾಡಿಲ್ಲ."

ಆದ್ದರಿಂದ ಮುಕ್ತಾಯವಿಲ್ಲ. ಆಮೇಲೆ ನಡೆದದ್ದು ಇಷ್ಟೇ. ಟಿವಿಯಲ್ಲಿ ಬೇರೆ ಕಾಗದಪತ್ರಗಳನ್ನು ಮಂಡಿಸುತ್ತಿದ್ದರು. ಅಣ್ಣ ಸದ್ದು ಆರಿಸಿದರು. ಬಸಲಿಂಗಮ್ಮ ನನ್ನನ್ನು ಕೇಳಿದಳು, "ಇನ್ನೊಂದ ಸಾಲು ಇತ್ತಲ್ರಿ ಅಕ್ಕಾರ?"

"ಇತ್ತು."

"ಅವರ ಹೆಸರು ಅದರಾಗ ಇತ್ತು."

"ಹೌದು."

"ಮೊದ್ಲ ಸಾಲಿನ್ಯಾಗ ಯಾಕ್ ಹಾಕಲಿಲ್ಲ?"

ಕೊನೆಯಲ್ಲಿ ಇದ್ದರೆ ಪರಿಣಾಮ ಹೆಚ್ಚು ಎಂದು ಹೇಳಿದೆ.

"ಪರಿಣಾಮ ಅಂದ್ರ?"

ಸಂಗಣ್ಣ ಕಿಟಕಿಯ ಕಡೆ ತಿರುಗಿದ. ಅಣ್ಣ ತಮ್ಮ ಗೀಟುಗಳನ್ನು ಮತ್ತೊಮ್ಮೆ ಎಣಿಸಿದರು. ಬಸಲಿಂಗಮ್ಮ ಎದ್ದಳು. ಸದ್ದಿಲ್ಲದ ಟಿವಿಯಲ್ಲಿ ಯಾರೋ ಎದ್ದು ನಿಂತು ಬಾಯಾಡಿಸುತ್ತಿದ್ದರು. ಅವಳು ಅವರ ಎದುರಿಗೆ ಹೋಗಿ ನಿಂತು, ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು, ಮದುವೆಯಾದ ಮೇಲೆ ಒಂದು ಸಲವೂ ಬಾಯಿಗೆ ತಂದುಕೊಳ್ಳದ ಹೆಸರನ್ನು ಹೇಳಿದಳು. ಒಡಪಿಲ್ಲದೆ. ಬರೀ ಹೆಸರು.

ಟಿವಿಯೊಳಗಿನವರು ಮಾತು ಮುಂದುವರಿಸಿದರು.

ಅವಳು ನನ್ನ ಕಡೆ ತಿರುಗಿದಳು. "ಬರ್ಕೊಳ್ರಿ," ಎಂದಳು. "ಬ್ಯಾರೇದ್ದೆಲ್ಲಾ ಆಮ್ಯಾಲ ಬರೀರಿ, ಇದನ್ನ ಮೊದ್ಲ ಬರೀರಿ."

ಆಮೇಲೆ ಡಬ್ಬಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು. ಸಂಗಣ್ಣ ಹಿಂದೆ ಹೋದ. ಬಾಲ್ಕನಿಯಿಂದ ನೋಡಿದೆ. ಪಟಾನ್‌ಚೆರುವಿನ ಬಸ್ಸಿಗೆ ಜನ ಮುಗಿಬಿದ್ದಿದ್ದರು. ಅವಳು ಹತ್ತಿದ್ದು ಕಂಡಿತು. ಕಿಟಕಿಯ ಪಕ್ಕ ಜಾಗ ಸಿಕ್ಕಿತೋ ಇಲ್ಲವೋ ಕಾಣಲಿಲ್ಲ.

ಓದುಗರೇ, ನಿಮಗೂ ಕೆಲಸಗಳಿರುತ್ತವೆ. ಕುಕ್ಕರ್ ಕೂಗಬಹುದು, ಬಾಗಿಲಿಗೆ ಯಾರಾದರೂ ಬರಬಹುದು, ಅರ್ಧಕ್ಕೇ ಇದನ್ನು ಮಡಿಚಿಟ್ಟು ಏಳಬಹುದು. ಮೊದಲ ಸಾಲಿಗೇ ಎದ್ದು ಹೋಗಿದ್ದರೂ ಹೇಳಬೇಕಾದದ್ದನ್ನು ಹೇಳಿಯಾಗಿತ್ತು. ಇನ್ನು ಈ ಕಥೆಗೆ ಒಂದು ಕೊನೆಯ ಸಾಲು ಬೇಕೆಂದು ನೀವು ಕೇಳಿದರೆ, ಕ್ಷಮಿಸಿ, ಅಲ್ಲಿ ನಾನು ಇನ್ನು ಮುಂದೆ ಏನನ್ನೂ ಇಡುವುದಿಲ್ಲ